ಜಿಂಕೆ ಸೀಸನ್ನೂ ಪಿಂಚಣಿ ಲೆಕ್ಕವೂ

ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ ಬಂತೆಂದರೆ ನಮ್ಮ ಕಾರ್ಖಾನೆಯ ಊಟದ ಕೋಣೆಯಲ್ಲಿ ಎರಡೇ ವಿಷಯ. ಒಂದು ಜಿಂಕೆ ಬೇಟೆ, ಇನ್ನೊಂದು ರಿಟೈರ್‌ಮೆಂಟ್. ಎರಡರ ನಡುವೆ ಗೆರೆಯೇ ಇಲ್ಲ. "ಜಿಂಕೆಗೆ ಥರ್ಟಿ ಆಟ್ ಸಿಕ್ಸ್ ರೈಫಲ್ಲೇ ಸಾಕು, ಅದಕ್ಕಿಂತ ದೊಡ್ಡದು ಬರೀ ಶೋಕಿ" ಅಂತ ಒಬ್ಬ ಶುರು ಮಾಡುತ್ತಾನೆ. ಅದಕ್ಕೆ ಯಾರಾದರೂ ಉತ್ತರ ಕೊಡುವ ಮೊದಲೇ "ಸೋಷಿಯಲ್ ಸೆಕ್ಯುರಿಟಿ 62ಕ್ಕೇ ತಗೊಳ್ತೀಯೋ, 70ರವರೆಗೆ ಕಾಯ್ತೀಯೋ?" ಅಂತ ಇನ್ನೊಬ್ಬ ಕೇಳುತ್ತಾನೆ. ಸೋಷಿಯಲ್ ಸೆಕ್ಯುರಿಟಿ ಅಂದರೆ ದುಡಿದವರಿಗೆ ವಯಸ್ಸಾದ ಮೇಲೆ ಇಲ್ಲಿನ ಸರ್ಕಾರ ತಿಂಗಳು ತಿಂಗಳು ಕೊಡುವ ದುಡ್ಡು.

ಮಲೆನಾಡಿನವನಾದ ನನಗೆ ಕೋವಿ ಮಾತು ಹೊಸದಲ್ಲ. ಹೊಸದು ಅನಿಸಿದ್ದು ಎರಡನೆಯದು. ತಿಂಗಳಿಗೆ ಎಷ್ಟು ಬರುತ್ತದೆ, ಎಲ್ಲಿಂದ ಬರುತ್ತದೆ, ತಾನು ಹೋದ ಮೇಲೆ ಹೆಂಡತಿಗೆ ಎಷ್ಟು ಉಳಿಯುತ್ತದೆ, ಇದನ್ನೆಲ್ಲ ಹತ್ತು ಜನರ ಎದುರು ಸ್ಯಾಂಡ್‌ವಿಚ್ ತಿನ್ನುತ್ತಾ ಮಾತಾಡುತ್ತಾರೆ. ನಮ್ಮಲ್ಲಿ ಸಂಬಂಧ ನೋಡುವಾಗ "ಹುಡುಗನ ಅಪ್ಪನಿಗೆ ಪೆನ್ಷನ್ ಬರುತ್ತೆ" ಅಂತ ಒಂದು ಮಾತು ಬರುತ್ತದೆ, ಅಷ್ಟೇ. ಎಷ್ಟು ಬರುತ್ತೆ, ಅದು ಸಾಕಾಗುತ್ತಾ ಅಂತ ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ.

ಬೇಟೆಯ ವಿಷಯದಲ್ಲಿ ಮಾತ್ರ ಎಲ್ಲ ಉಲ್ಟಾ ಅಲ್ಲ, ಸ್ವಲ್ಪ ಉಲ್ಟಾ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅನ್ನುವುದು ಅಜ್ಜಂದಿರ ಕಥೆ, ಇಲ್ಲವೇ ಪಿಸುಮಾತು. ಕೋವಿ ಮನೆಯಲ್ಲಿ ಇರುತ್ತದೆ, ಅಡಿಕೆ ತೋಟಕ್ಕೆ ಮಂಗ, ಹಂದಿ ಬರುತ್ತವೆ ಅಂತ ಬೆಳೆ ರಕ್ಷಣೆಯ ಲೈಸೆನ್ಸೂ ಇರುತ್ತದೆ. ಚುನಾವಣೆ ಬಂದರೆ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಇಟ್ಟು ಬರಬೇಕು. ಕೊಡಗಿನ ಕಥೆ ಬೇರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಈಗ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುವುದನ್ನು ಇಲ್ಲಿನವರಿಗೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ.

ಇಲ್ಲಿ ಬೇಟೆ ಪೂರ್ತಿ ಬಯಲಿನ ವ್ಯವಹಾರ. ಮೊದಲ ಸಲ ಲೈಸೆನ್ಸ್ ಬೇಕಾದರೆ ಬೇಟೆಯ ತರಗತಿ ಮುಗಿಸಬೇಕು. ರೈಫಲ್ ಸೀಸನ್ನಿನಲ್ಲಿ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ ಕಡ್ಡಾಯ. ಕೊಂಬಿನ ಗಂಡು ಜಿಂಕೆ ವರ್ಷಕ್ಕೆ ಒಂದೇ. ಬೇಟೆಯ ಮಾಂಸ ಮಾರುವ ಹಾಗಿಲ್ಲ. ಫ್ರೀಜರ್ ತುಂಬಿದ ಮೇಲೂ ಉಳಿದರೆ ಬಡವರ ಊಟಕ್ಕೆ ದಾನ ಕೊಡುವ ಏರ್ಪಾಡಿದೆ. ಬಂದೂಕು, ತೋಟಾದ ಬೆಲೆಯಲ್ಲೇ ಸೇರಿ ತಯಾರಕರಿಂದ ವಸೂಲಾಗುವ ತೆರಿಗೆ, ಉದ್ದ ಬಂದೂಕಿಗೆ ಶೇ. 11, ಕಾಡುಪ್ರಾಣಿಗಳ ರಕ್ಷಣೆಗೆ ಹೋಗುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬಂದ ಪದ್ಧತಿ ಇದು. ಕೊಲ್ಲುವವನ ದುಡ್ಡಿನಿಂದಲೇ ಕಾಯುವುದು ನನಗೆ ಮೊದಲು ವಿಚಿತ್ರ ಅನಿಸಿತ್ತು. ಜಿಂಕೆಗಳು ರಸ್ತೆಗೆ ಬಂದು ಕಾರಿಗೆ ಅಡ್ಡ ನಿಲ್ಲುವಷ್ಟು ಹೆಚ್ಚಿರುವುದನ್ನು ನೋಡಿದ ಮೇಲೆ ಹಾಗೆ ಅನಿಸುವುದಿಲ್ಲ.

ರಿಟೈರ್‌ಮೆಂಟಿಗೂ ಇದಕ್ಕೂ ಏನು ಸಂಬಂಧ ಅಂದರೆ, ಇವರ ಲೆಕ್ಕ ಶುರುವಾಗುವುದೇ ಬೇಟೆಯಿಂದ. "ಬಿಟ್ಟ ಮೇಲೆ ಅಕ್ಟೋಬರಿನಿಂದ ಜನವರಿವರೆಗೆ ಕಾಡಿನಲ್ಲೇ ಇರ್ತೀನಿ" ಅನ್ನುವವನು ಮುಂದಿನ ಮಾತಿಗೇ ಖರ್ಚು ಹೇಳುತ್ತಾನೆ. ಪಿಕಪ್ ಟ್ರಕ್, ಬೆಟ್ಟದ ಮೇಲಿನ ಸಣ್ಣ ಕ್ಯಾಂಪಿನ (ಬೇಟೆಗೆ ಹೋದಾಗ ತಂಗುವ ಮನೆ) ಪಾಲು, ಡೀಸೆಲ್, ತೋಟಾ. ಲೈಸೆನ್ಸ್ ಒಂದೇ ಅಗ್ಗ. 65 ದಾಟಿದ ಪೆನ್ಸಿಲ್ವೇನಿಯಾದವರಿಗೆ ಸುಮಾರು 50 ಡಾಲರಿಗೆ ಜೀವನಪೂರ್ತಿಯದ್ದು ಸಿಗುತ್ತದೆ. ದಿನ ಹೇಗೆ ಕಳೆಯಬೇಕು ಅನ್ನುವುದು ಮೊದಲು, ಅದಕ್ಕೆ ಎಷ್ಟು ಬೇಕು ಅನ್ನುವುದು ಆಮೇಲೆ. ನಮ್ಮ ಅಪ್ಪಂದಿರು ಹೀಗೆ ಯೋಚಿಸಿದ್ದನ್ನು ನಾನು ಕಂಡಿಲ್ಲ. ಮಗಳ ಮದುವೆ, ಮಗನ ಓದು, ಮನೆಯ ಮೇಲೊಂದು ಮಹಡಿ. ಆ ಪಟ್ಟಿಯಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ.

ಹಾಗಂತ ಇಲ್ಲಿನದೆಲ್ಲ ಮಾದರಿ ಅನ್ನುವವನು ನಾನಲ್ಲ. ಇವರು ಇಷ್ಟು ಮಾತಾಡುವುದಕ್ಕೆ ಕಾರಣ ಭಯ. ಒಂದು ಕಾಲದಲ್ಲಿ ಈ ರಾಜ್ಯದ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದವನಿಗೆ ಕಂಪನಿಯೇ ಪಿಂಚಣಿ ಕೊಡುತ್ತಿತ್ತು. ಬೆಥ್ಲೆಹೆಮ್ ಸ್ಟೀಲ್ 2001ರಲ್ಲಿ ದಿವಾಳಿ ಅರ್ಜಿ ಹಾಕಿತು. ಪಿಂಚಣಿಯ ಹೊಣೆ ಸರ್ಕಾರದ ವಿಮಾ ಸಂಸ್ಥೆಯ ಹೆಗಲಿಗೆ ಹೋಯಿತು, ನಿವೃತ್ತರ ಆರೋಗ್ಯ ವಿಮೆ ನಿಂತೇ ಹೋಯಿತು. ನಮ್ಮ ಊಟದ ಕೋಣೆಯ ಹಿರಿಯರಿಗೆ ಇದು ಪತ್ರಿಕೆಯ ಸುದ್ದಿಯಲ್ಲ, ಮನೆಯ ಮಾತು.

ಅದರ ಜಾಗಕ್ಕೆ ಬಂದದ್ದು 401(ಕೆ). 1978ರ ತೆರಿಗೆ ಕಾನೂನಿನ ಒಂದು ಕಲಮಿನಿಂದ ಹುಟ್ಟಿದ ಖಾತೆ. ಸಂಬಳದಿಂದ ಹಾಕುತ್ತೀರಿ, ಕಂಪನಿ ಒಂದಿಷ್ಟು ಸೇರಿಸುತ್ತದೆ, ಮಾರುಕಟ್ಟೆ ಏರಿದರೆ ಏರುತ್ತದೆ. ಐವತ್ತೊಂಬತ್ತೂವರೆ ವರ್ಷಕ್ಕೆ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆಗೆ ತೆಗೆದ ಮೊತ್ತದ ಶೇ. 10 ದಂಡ. 73 ಆದ ಮೇಲೆ (1960 ಮತ್ತು ಆಮೇಲೆ ಹುಟ್ಟಿದವರಿಗೆ 75) ಬೇಡವೆಂದರೂ ಪ್ರತಿ ವರ್ಷ ಇಷ್ಟು ಅಂತ ತೆಗೆಯಲೇಬೇಕು. ಕೂಡಿಹಾಕುವುದು ಸುಲಭ. ಮೂವತ್ತು ವರ್ಷ ಕೂತು ತಿನ್ನುವುದು ಹೇಗೆ ಅನ್ನುವುದನ್ನು ಮಾತ್ರ ಕಂಪನಿ ಹೇಳಿಕೊಡುವುದಿಲ್ಲ.

ಅಲ್ಲಿಗೆ ಶೇ. 4ರ ಸೂತ್ರ ಬರುತ್ತದೆ. ಕ್ಯಾಲಿಫೋರ್ನಿಯಾದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಹಳೆಯ ಮಾರುಕಟ್ಟೆ ಅಂಕಿಗಳನ್ನು ಹಿಡಿದು ಹಾಕಿದ ಲೆಕ್ಕ. ಮೊದಲ ವರ್ಷ ಗಂಟಿನ ಶೇ. 4 ತೆಗೆಯಿರಿ, ಆಮೇಲೆ ಬೆಲೆ ಏರಿದಷ್ಟು ಏರಿಸುತ್ತಾ ಹೋಗಿ, ಮೂವತ್ತು ವರ್ಷ ಬಾಳಿಕೆ ಬರುತ್ತದೆ. 5 ಲಕ್ಷ ಡಾಲರ್ ಇದ್ದರೆ ಮೊದಲ ವರ್ಷಕ್ಕೆ 20 ಸಾವಿರ. ನಮ್ಮ ಮಶೀನ್ ಶಾಪಿನ ಹಿರಿಯನೊಬ್ಬ ಇದನ್ನು ಬೇಟೆಯ ಭಾಷೆಯಲ್ಲೇ ಹೇಳುತ್ತಾನೆ. "ಹಿಂಡಿನಲ್ಲಿ ವರ್ಷಕ್ಕೆ ಎಷ್ಟು ಮರಿ ಹುಟ್ಟುತ್ತೋ ಅಷ್ಟನ್ನೇ ಹೊಡಿ, ಹಿಂಡು ಹಾಗೇ ಇರುತ್ತೆ." ಕೇಳಲು ಚೆನ್ನಾಗಿದೆ. ಆದರೆ ಜಿಂಕೆ ಪ್ರತಿ ಬೇಸಿಗೆಗೂ ಮರಿ ಹಾಕುತ್ತದೆ, ಷೇರು ಮಾರುಕಟ್ಟೆ ಹಾಕುವುದಿಲ್ಲ. 2000ದಿಂದ 2002ರವರೆಗೆ ಮೂರು ವರ್ಷ ಸಾಲಾಗಿ ಬಿತ್ತು. ಆ ಹೊತ್ತಿಗೆ ಕೆಲಸ ಬಿಟ್ಟವನು ಬಿದ್ದ ಬೆಲೆಗೆ ಮಾರಿಕೊಂಡೇ ಊಟ ಮಾಡಬೇಕಿತ್ತು. ಐದು ವರ್ಷ ಆಮೇಲೆ ಬಿಟ್ಟವನಿಗೆ 2008. ಒಂದೇ ಗಂಟು, ಒಂದೇ ಖರ್ಚು ಇದ್ದರೂ ಬಿಟ್ಟ ವರ್ಷದ ಮೇಲೆ ಹಣೆಬರಹ ಬದಲಾಗುತ್ತದೆ.

ಹಾಗಾಗಿ ಮಾತು ಎಷ್ಟೇ ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಸೋಷಿಯಲ್ ಸೆಕ್ಯುರಿಟಿಯ ಹತ್ತಿರ. ನನಗೆ ಭಾರಿ ಮಜಾ ಅನಿಸುವುದು ಇದೇ. ಸರ್ಕಾರ ನನ್ನ ಕೋವಿ ಮುಟ್ಟಬಾರದು, ನನ್ನ ಜೇಬಿಗೆ ಕೈ ಹಾಕಬಾರದು ಅಂತ ಮೇಜು ಕುಟ್ಟುವ ಗಟ್ಟಿ ಆಸಾಮಿಗಳು, ಸರ್ಕಾರ ಕೊಡುವ ಈ ದುಡ್ಡಿನ ಸುದ್ದಿಗೆ ಯಾರಾದರೂ ಬಂದರೆ ಅಷ್ಟೇ ಜೋರಾಗಿ ಕುಟ್ಟುತ್ತಾರೆ. "ಅದು ನಾವು ಕಟ್ಟಿದ್ದು" ಅನ್ನುತ್ತಾರೆ. ನಿಜವೇ. ಸಂಬಳದ ಶೇ. 6.2 ನಮ್ಮಿಂದ, ಅಷ್ಟೇ ಕಂಪನಿಯಿಂದ ಹೋಗುತ್ತದೆ. 1935ರ ಕಾನೂನು ಇದು. 1960 ಮತ್ತು ಆಮೇಲೆ ಹುಟ್ಟಿದವರಿಗೆ ಪೂರ್ತಿ ಮೊತ್ತ 67ಕ್ಕೆ. 62ಕ್ಕೇ ಶುರು ಮಾಡಿದರೆ ಶೇ. 30 ಕಡಿಮೆ, 70ರವರೆಗೆ ತಡೆದರೆ ಶೇ. 24 ಜಾಸ್ತಿ. 67ಕ್ಕೆ 2,000 ಡಾಲರ್ ಬರಬೇಕಾದವನಿಗೆ ಮೊದಲನೆಯದರಲ್ಲಿ 1,400, ಎರಡನೆಯದರಲ್ಲಿ 2,480.

ಬೆಲೆ ಏರಿದರೆ ಇದೂ ಏರುತ್ತದೆ. 2023ರಲ್ಲಿ ಒಂದೇ ಏಟಿಗೆ ಶೇ. 8.7 ಏರಿತು. ಅದರ ಹಿಂದಿನ ವರ್ಷ ಷೇರೂ ಬಾಂಡೂ ಎರಡೂ ಬಿದ್ದಿದ್ದವು. ಗಂಡ ಹೆಂಡತಿ ಇಬ್ಬರಿಗೂ ಬರುತ್ತಿದ್ದರೆ, ಒಬ್ಬರು ಹೋದ ಮೇಲೆ ಉಳಿದವರಿಗೆ ಎರಡರಲ್ಲಿ ದೊಡ್ಡದು ಸಿಗುತ್ತದೆ. ಅಂದರೆ ಜಾಸ್ತಿ ದುಡಿದ ಗಂಡ 70ರವರೆಗೆ ಕಾದರೆ ಅದು ತನಗಲ್ಲ, ತನ್ನ ಹಿಂದೆ ಉಳಿಯುವ ಹೆಂಡತಿಗೆ. ಈ ಒಂದು ವಿಷಯ ತಲೆಗೆ ಹೋದ ಮೇಲೆ 62ರ ಪಕ್ಷದವರು ಒಬ್ಬೊಬ್ಬರೇ ಸುಮ್ಮನಾಗುವುದನ್ನು ನೋಡಿದ್ದೇನೆ. "ಆದಷ್ಟು ಬೇಗ ತಗೋ, ಸತ್ತ ಮೇಲೆ ಯಾರಿಗೆ" ಅನ್ನುವವರು ಇದ್ದೇ ಇದ್ದಾರೆ. ಆರೋಗ್ಯ ಕೆಟ್ಟವರು, ಒಂಟಿ ಇರುವವರು ಹಾಗೆ ಮಾಡಿದರೆ ತಪ್ಪೂ ಅಲ್ಲ.

ಈಗ ಹೇಳಿ, ತಿಂಗಳು ತಿಂಗಳು ಬರುವ, ಬೆಲೆ ಏರಿದರೆ ಏರುವ, ಹೆಂಡತಿಗೂ ಮುಂದುವರಿಯುವ ದುಡ್ಡು ಅಂದರೆ ಏನು? ನಮ್ಮ ಹಳೆಯ ಸರ್ಕಾರಿ ಪಿಂಚಣಿಯೇ ಅಲ್ವಾ? ನನ್ನ ಅಪ್ಪ ಮೇಷ್ಟರಾಗಿದ್ದವರು. ಕೊನೆಯ ಸಂಬಳದ ಅರ್ಧದ ಲೆಕ್ಕ, ವರ್ಷಕ್ಕೆ ಎರಡು ಸಲ ಏರುವ ಡಿಎ (ತುಟ್ಟಿಭತ್ಯೆ), ಆಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ. ಶೇ. 4 ಅಂದರೆ ಏನು ಅಂತ ಅವರು ಯಾವತ್ತೂ ತಿಳಿಯಬೇಕಾಗಿ ಬರಲಿಲ್ಲ. ಇದನ್ನು ಇಲ್ಲಿ ಹೇಳಿದಾಗ "ಇಂಥದ್ದು ಬಿಟ್ಟು ನೀನ್ಯಾಕೆ ಇಲ್ಲಿಗೆ ಬಂದೆ?" ಅಂತ ಕೇಳಿದರು.

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ಸರ್ಕಾರಿ ನೌಕರರಿಗೆ ಆ ಪಿಂಚಣಿ ಇಲ್ಲ, ಸಂಬಳದಿಂದ ಕಟ್ಟಿ ಮಾರುಕಟ್ಟೆಯಲ್ಲಿ ಬೆಳೆಸುವ ಎನ್‌ಪಿಎಸ್ ಇದೆ. ಖಾಸಗಿಯವರಿಗೆ ಇಪಿಎಫ್ (ಭವಿಷ್ಯ ನಿಧಿ) ಗಂಟು ಕೈಗೆ ಬರುತ್ತದೆ, ಅದರ ಜೊತೆಯ ಪಿಂಚಣಿಯ ಕನಿಷ್ಠ ಮೊತ್ತ ಇವತ್ತಿಗೂ ತಿಂಗಳಿಗೆ ಸಾವಿರ ರೂಪಾಯಿ. ಹಳೆಯ ಪಿಂಚಣಿ ಬೇಕು ಅಂತ ನೌಕರರು ಬೀದಿಗಿಳಿದಾಗ ಬೆಂಗಳೂರಿನ ನನ್ನ ಗೆಳೆಯರು ನಗುತ್ತಾರೆ. "ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕುವುದು) ಮಾಡಿಕೊಳ್ಳಲಿ, ಅಮೆರಿಕದಲ್ಲಿ ಎಲ್ಲರೂ ಮಾರುಕಟ್ಟೆಯಿಂದಲೇ ಬದುಕಲ್ವಾ?" ಇಲ್ಲ. ಮಾರುಕಟ್ಟೆಯಲ್ಲಿ ಹಣ ಇಟ್ಟವನೂ ಅಕ್ಕಿ ಬೇಳೆ ಔಷಧಿಯ ಖರ್ಚು ಸೋಷಿಯಲ್ ಸೆಕ್ಯುರಿಟಿಯಿಂದ ಸರಿದೂಗುತ್ತಾ ಅಂತ ಮೊದಲು ನೋಡುತ್ತಾನೆ. ಕೊರತೆ ಬಿದ್ದರೆ ಕೆಲವರು ಗಂಟಿನ ಒಂದು ಪಾಲನ್ನು ವಿಮಾ ಕಂಪನಿಗೆ ಕೊಟ್ಟು ಆನ್ಯುಟಿ, ಅಂದರೆ ಜೀವನಪೂರ್ತಿ ತಿಂಗಳು ತಿಂಗಳು ಬರುವ ದುಡ್ಡು, ಕೊಳ್ಳುತ್ತಾರೆ. ಕ್ಯಾಂಪು, ಟ್ರಕ್ಕು, ತೋಟಾ ಮಾತ್ರ ಮಾರುಕಟ್ಟೆಯ ಪಾಲಿಗೆ. ಷೇರು ಬಿದ್ದ ವರ್ಷ ಹಳೆಯ ರೈಫಲ್ಲಿನಲ್ಲೇ ಕೆಲಸ ನಡೆಯುತ್ತದೆ.

ನೌಕರರ ಬೇಡಿಕೆಗೆ ಸರ್ಕಾರದ ಖಜಾನೆ ತಾಳುತ್ತದೆಯೇ ಅನ್ನುವುದು ನಿಜವಾದ ಪ್ರಶ್ನೆ. ಇಲ್ಲೂ ಅದೇ ಪ್ರಶ್ನೆ ಇದೆ. ಕಾನೂನು ಬದಲಾಗದಿದ್ದರೆ 2033ರ ಆಸುಪಾಸಿಗೆ ಸೋಷಿಯಲ್ ಸೆಕ್ಯುರಿಟಿಯ ಮೀಸಲು ಖಾಲಿಯಾಗಿ ಕೊಡುವ ಮೊತ್ತ ಕಡಿತ ಆಗುತ್ತದೆ. ಆದರೆ ಇಲ್ಲಿ ಯಾರೂ ಅದನ್ನು ಕಿತ್ತು ಹಾಕಿ ಅನ್ನುವುದಿಲ್ಲ, ರಿಪೇರಿ ಮಾಡಿ ಅನ್ನುತ್ತಾರೆ. ಮೊದಲಿಗೆ ಅನ್ನುವವರು ಇದೇ ಕೋವಿ ಗಿರಾಕಿಗಳು.

ನಮ್ಮವರು ಇಲ್ಲಿಂದ ಏನಾದರೂ ತೆಗೆದುಕೊಳ್ಳುವುದಿದ್ದರೆ ಲೆಕ್ಕ ಬಿಚ್ಚಿ ಮಾತಾಡುವ ಅಭ್ಯಾಸವನ್ನು ತೆಗೆದುಕೊಳ್ಳಲಿ. ಎರಡು ಸೈಟು, ಒಂದು ಬಾಡಿಗೆ ಮನೆ, ಒಂದಿಷ್ಟು ಚಿನ್ನ ಇರುವ ಗೆಳೆಯನಿಗೆ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಅಂತ ಕೇಳಿದೆ. ಬಾಡಿಗೆ ಬಿಟ್ಟರೆ ಸೊನ್ನೆ. ಅವನ ಹೆಂಡತಿಗೆ ಆ ಸೈಟುಗಳ ಕಾಗದ ಎಲ್ಲಿದೆ ಅನ್ನುವುದೂ ಗೊತ್ತಿಲ್ಲ. ಇಲ್ಲಿನ ಬೇಟೆಗಾರರ ಮನೆಗಳಲ್ಲಿ ಗನ್ ಸೇಫಿನಲ್ಲಿ ಕೋವಿಗಳ ಜೊತೆ ಎಲ್ಲ ಖಾತೆಗಳ ಪಟ್ಟಿಯೂ ಇರುತ್ತದೆ, ಹೆಂಡತಿಗೆ ಬೀಗದ ನಂಬರೂ ಗೊತ್ತಿರುತ್ತದೆ.

ಆ ಸೇಫಿನ ಬಗ್ಗೆ ಒಂದು ತಕರಾರು ಮಾತ್ರ ಇದೆ. ಅಮೆರಿಕದಲ್ಲಿ ಕೋವಿಯಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಕೆಲಸ ಬಿಟ್ಟು, ಹೆಂಡತಿ ತೀರಿಹೋಗಿ, ಒಂಟಿಯಾದ ಗಂಡಸಿನ ಮನೆಯಲ್ಲಿ ಹತ್ತು ಬಂದೂಕು ಇರುವುದನ್ನು ಬರೀ ಹವ್ಯಾಸ ಅಂತ ನೋಡಲು ನನ್ನಿಂದ ಆಗುವುದಿಲ್ಲ. ಕೋವಿ ಯಾವಾಗ ಯಾರ ಕೈಗೆ ಕೊಡಬೇಕು ಅನ್ನುವುದೂ ರಿಟೈರ್‌ಮೆಂಟ್ ಯೋಜನೆಯಲ್ಲಿ ಬರಬೇಕು. ಇದರಲ್ಲಿ ನಮ್ಮ ಕಾನೂನು ವಾಸಿ. ಲೈಸೆನ್ಸ್ ಇದ್ದವರಿಗೆ 70 ಆದರೆ ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಕೊಡಲು ದಾರಿ ಇದೆ.

ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ತೊಡಕು ಇದೆ. ಸೋಷಿಯಲ್ ಸೆಕ್ಯುರಿಟಿಗೆ ಒಟ್ಟು ಹತ್ತು ವರ್ಷದ ದುಡಿಮೆ ಬೇಕು. ಎಂಟು ವರ್ಷ ದುಡಿದು ವಾಪಸ್ ಹೋದವನಿಗೆ ಕಟ್ಟಿದ್ದು ಹೋಯಿತು, ಯಾಕೆಂದರೆ ಎರಡು ದೇಶಗಳ ನಡುವೆ ಈ ಬಗ್ಗೆ ಒಪ್ಪಂದವೇ ಇಲ್ಲ. ಹತ್ತು ದಾಟಿದವನಿಗೆ ಮೆಡಿಕೇರ್ ತಲೆನೋವು. 65ಕ್ಕೆ ಸಿಗುವ ಆ ಸರ್ಕಾರಿ ಆರೋಗ್ಯ ವಿಮೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಬೇಡ ಅಂತ ಅದರ ಬಿ ಭಾಗದ (ವೈದ್ಯರ ಖರ್ಚಿನ ಭಾಗ) ಕಂತು ನಿಲ್ಲಿಸಿ, ಮುಂದೆ ಮನಸ್ಸು ಬದಲಾಗಿ ಬಂದರೆ, ಬಿಟ್ಟಿದ್ದ ಪ್ರತಿ ಪೂರ್ತಿ ವರ್ಷಕ್ಕೂ ಶೇ. 10ರಂತೆ ಜೀವನಪೂರ್ತಿ ಜಾಸ್ತಿ ಕಟ್ಟಬೇಕು. ಹಾಗಾಗಿ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಅನ್ನುವವರು ಎರಡೂ ಕಡೆ ವಿಮೆ ಕಟ್ಟುತ್ತಾ ಕೂತಿದ್ದಾರೆ. ನಮ್ಮ ಮನೆಯ ಪಟ್ಟಿಯಲ್ಲೂ ಸದ್ಯಕ್ಕೆ ಎರಡೂ ಕಂತುಗಳ ಸಾಲು ಹಾಗೇ ಇದೆ. ಯಾವುದನ್ನು ಹೊಡೆದು ಹಾಕಬೇಕು ಅನ್ನುವುದಕ್ಕೆ ನನ್ನ ಹೆಂಡತಿಗೂ ನನಗೂ ಇನ್ನೂ ಜಗಳ ಮುಗಿದಿಲ್ಲ.