ಮಾಗಡಿ ಕೆರೆಯ ಹೆಬ್ಬಾತುಗಳ ತವರುಮನೆಗೆ

ಲಡಾಖ್‌ಗೆ ಹೋಗಿದ್ದೆ ಅಂದ ಕೂಡಲೇ ಎಲ್ಲರೂ ಕೇಳುವುದು ‘ಪ್ಯಾಂಗಾಂಗ್ ನೋಡಿದ್ರಾ?’ ಅಂತ. ಇಲ್ಲ, ನೋಡಲಿಲ್ಲ. ನಾವು ಹೋಗಿದ್ದು ಅಲ್ಲಿನ ಇನ್ನೊಂದು ಸರೋವರ, ತ್ಸೋ ಮೊರಿರಿಗೆ.

ಕಾರಣ ನಮ್ಮೂರ ಕಡೆಯದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆ, ಅದರ ಹಿಂದೆ ಎರಡು ಕಪ್ಪು ಪಟ್ಟೆ. ಕೆರೆಯಲ್ಲಿ ತೇಲುತ್ತಾ ಇರುತ್ತವೆ, ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಅವು ಬೇಸಿಗೆಯಲ್ಲಿ ಮರಿ ಮಾಡುವ ಜಾಗಗಳಲ್ಲಿ ತ್ಸೋ ಮೊರಿರಿಯೂ ಒಂದು. ಅಲ್ಲಿ ಕಂಡ ಹಕ್ಕಿಯೇ ಮಾಗಡಿಗೆ ಬರುತ್ತದೆ ಅಂತ ಆಣೆ ಮಾಡಿ ಹೇಳಲಾರೆ. ಕುಲ ಒಂದೇ, ನನಗೆ ಅಷ್ಟು ಸಾಕಿತ್ತು.

ಲೇಹ್‌ನಿಂದ 220 ಕಿಲೋಮೀಟರಿಗೂ ಜಾಸ್ತಿ. ಉಪ್ಶಿ, ಚುಮಾಥಾಂಗ್ ದಾಟಿ ಮಾಹೆ ಸೇತುವೆವರೆಗೂ ಸಿಂಧೂ ನದಿ ಪಕ್ಕದಲ್ಲೇ ಇರುತ್ತದೆ. ಲೇಹ್ ಬಿಡುವಾಗಲೇ ಟ್ಯಾಂಕ್ ತುಂಬಿಸಿ, ಪರ್ಮಿಟ್ ಪ್ರತಿಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಏರು ಬಂದಾಗ ಗಾಡಿಯೂ ನಮ್ಮ ಹಾಗೇ ಏದುಸಿರು ಬಿಡುತ್ತದೆ. ಎಷ್ಟು ಒತ್ತಿದರೂ ಓಡುವುದಿಲ್ಲ, ಗೇರ್ ಇಳಿಸಿ ಸುಮ್ನೆ ಹೋಗಬೇಕು.

ನಾವು ತಪ್ಪು ಮಾಡಿದ್ದು ಬೇರೆ ಕಡೆ. ಲೇಹ್‌ನ ತೆಳು ಗಾಳಿಗೆ ಎರಡು ದಿನ ಹೊಂದಿಕೊಂಡಿದ್ದೇವಲ್ಲ, ಇನ್ನೇನು ಅಂತ ನೇರ ಸರೋವರದ ದಡದ ಕೊರ್ಜೋಕ್ ಹಳ್ಳಿಗೇ ಹೋಗಿ ಮಲಗಿದೆವು. ಲೇಹ್ 3,500 ಮೀಟರ್ ಎತ್ತರದಲ್ಲಿದ್ದರೆ ಈ ಸರೋವರ 4,500ರ ಮೇಲಿದೆ. ಒಂದೇ ದಿನಕ್ಕೆ ಸಾವಿರ ಮೀಟರ್! ರಾತ್ರಿಯಿಡೀ ನನ್ನಾಕೆಗೆ ತಲೆ ಸಿಡಿತ, ವಾಂತಿ. ಬೆಳಗಾಗುತ್ತಲೇ ಕೆಳಗಿಳಿದೆವು. ಚುಮಾಥಾಂಗ್‌ಗೆ ಬರುವಷ್ಟರಲ್ಲಿ ಅವಳೇ ಚಹಾ ಕೇಳಿದಳು. ಹೋಗುವಾಗಲೇ ಅಲ್ಲೊಂದು ರಾತ್ರಿ ತಂಗಿದ್ದರೆ ಆಗುತ್ತಿತ್ತು. ಬಿಸಿನೀರಿನ ಬುಗ್ಗೆಯೂ ಇದೆ.

ಇನ್ನು ಹೊಟ್ಟೆ ಉರಿದ ಮಾತು. ಹಿಂದಿನ ಸಂಜೆ ಕೊರ್ಜೋಕ್ ಹತ್ತಿರದ ಜೌಗಿನ ಅಂಚಿನಲ್ಲಿ ಹೆಬ್ಬಾತುಗಳು ಮರಿಗಳನ್ನು ಕಟ್ಟಿಕೊಂಡು ಓಡಾಡುತ್ತಿದ್ದವು. ಎರಡು ದೊಡ್ಡ ಗಾಡಿಗಳು ರಸ್ತೆ ಬಿಟ್ಟು ಹುಲ್ಲಿನ ಮೇಲೆ ನೀರಿನ ತನಕ ಬಂದವು. ಹಾಡು ಜೋರಾಗಿ ಹಾಕಿಕೊಂಡು ಫೋಟೋ, ವಿಡಿಯೋ. ಬಾಣಂತಿ ಕೋಣೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗೆ. ಹಕ್ಕಿಗಳು ಮರಿಗಳ ಸಮೇತ ನೀರಿಗೆ ಬಿದ್ದವು. ನಾನು ಹೋಗಿ ಹೇಳಿದೆ. ‘ನೀರು ಎಲ್ಲರದೂ ಅಲ್ವಾ?’ ಅಂದರು.

ತ್ಸೋ ಮೊರಿರಿ 2002ರಿಂದಲೇ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಕಪ್ಪು ಕೊರಳಿನ ಸಾರಸವೂ (ಬ್ಲ್ಯಾಕ್-ನೆಕ್ಡ್ ಕ್ರೇನ್) ಇಲ್ಲಿ ಗೂಡು ಕಟ್ಟುತ್ತದೆ. ಆ ಎತ್ತರದಲ್ಲಿ ಹುಲ್ಲು ಬೆಳೆಯುವುದು ಬೇಸಿಗೆಯ ಕೆಲವೇ ತಿಂಗಳು. ಟೈರು ಉತ್ತು ಹೋದ ಗೆರೆ ಬೇಗ ಮಾಯುವುದಿಲ್ಲ. ಅಲ್ಲಿನ ಅಲೆಮಾರಿ ಪಶುಪಾಲಕರಾದ ಚಾಂಗ್‌ಪಾ ಜನರ ಪಶ್ಮೀನಾ ಆಡುಗಳಿಗೂ ಅಂಥ ಹುಲ್ಲೇ ಬೇಕು. ಗಾಡಿಯನ್ನು ಹಳ್ಳಿಯಲ್ಲೇ ಬಿಟ್ಟು ನಡೆದುಹೋದರೆ ಏನು ಗಂಟು ಹೋಗುತ್ತದೆ?

ನಮ್ಮ ಮಾಗಡಿಗೂ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿದೆ. ನವೆಂಬರ್ ಬಂದರೆ ಅಲ್ಲೂ ಕ್ಯಾಮೆರಾದವರು ಬರುತ್ತಾರೆ. ಈ ಸಲ ನಾನೂ ಹೋಗುತ್ತೇನೆ, ಬಸ್ಸಿನಲ್ಲಿ.