ಯಂತ್ರ ಕಲ್ಯಾಣಿಯಲ್ಲೇ ಇರಲಿ, ಮೊದಲರ್ಧದ ಕೆಲಸ ಹುಬ್ಬಳ್ಳಿ–ಧಾರವಾಡದಲ್ಲಿ ಆಗಲಿ

ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿ ರಾಷ್ಟ್ರೀಯ ಜೀವವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಇದೆ. ಜೀನೋಮ್, ಅಂದರೆ ಜೀವಿಯ ಇಡೀ ಡಿಎನ್‌ಎಯನ್ನು ಅಧ್ಯಯನ ಮಾಡುವ ಸಂಸ್ಥೆ ಅದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಅದನ್ನು 2009ರಲ್ಲಿ ಆರಂಭಿಸಿತು. ಧಾರವಾಡದಲ್ಲಿ ಅದರ ಹೆಸರು ಕೇಳಿದವರು ಕಡಿಮೆ, ಆದರೆ ಅದು ಕೈಗೆತ್ತಿಕೊಂಡ ದೊಡ್ಡ ಕೆಲಸಗಳಲ್ಲೊಂದು ನಮ್ಮ ಭಾಗದ ಮನೆಮನೆಗೂ ಸಂಬಂಧಿಸಿದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ದೇಶಗಳು ತಮಗೆ ಬೇಕಾದ ಕ್ಯಾನ್ಸರ್‌ಗಳನ್ನು ಅಧ್ಯಯನಕ್ಕೆ ವಹಿಸಿಕೊಂಡಾಗ, ಭಾರತವು ತಂಬಾಕು ಅಗಿಯುವವರನ್ನು ಹೆಚ್ಚಾಗಿ ಕಾಡುವ, ವಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರನ್ನು ಆರಿಸಿಕೊಂಡಿತು. ಕಲ್ಯಾಣಿಯ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಟಿಪಿ53, ನಾಚ್1 ಮುಂತಾದ ಮೊದಲೇ ಗೊತ್ತಿದ್ದ ಜೀನ್‌ಗಳ ಜೊತೆಗೆ ಯುಎಸ್‌ಪಿ9ಎಕ್ಸ್, ಎಆರ್‌ಐಡಿ2 ಮುಂತಾದವೂ ಈ ಕ್ಯಾನ್ಸರಿನಲ್ಲಿ ಮತ್ತೆ ಮತ್ತೆ ಕೆಡುತ್ತವೆ ಎಂದು ತೋರಿಸಿತು. ಗುಟ್ಕಾ ಚೀಟಿಗಳು ರಸ್ತೆಯುದ್ದಕ್ಕೂ ಬಿದ್ದಿರುವ ಊರಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನನಗೆ ಇದು ದೂರದ ಸುದ್ದಿಯಲ್ಲ.

ಇಂಥ ಸಂಸ್ಥೆಯ ಯಂತ್ರಗಳು ಹಲವು ಪ್ರಯೋಗಾಲಯಗಳಿಗೆ ತೆರೆದಿರಬೇಕಾದುದಕ್ಕೆ ತಾಂತ್ರಿಕ ಕಾರಣವೇ ಇದೆ. ಡಿಎನ್‌ಎ ಅನುಕ್ರಮ, ಅಂದರೆ ಅದರ ಅಕ್ಷರಗಳ ಸಾಲನ್ನು ಓದುವ ದೊಡ್ಡ ಯಂತ್ರದೊಳಗೆ ಫ್ಲೋ ಸೆಲ್ ಎಂಬ ಗಾಜಿನ ಪಟ್ಟಿಯನ್ನು ಇಡುತ್ತಾರೆ. ಅದು ಒಮ್ಮೆಗೆ ಕೋಟ್ಯಂತರ ಡಿಎನ್‌ಎ ತುಣುಕುಗಳನ್ನು ಓದುತ್ತದೆ, ಒಮ್ಮೆ ಬಳಸಿದರೆ ಮುಗಿಯಿತು, ಬೆಲೆಯೂ ಬಹಳ. ಹೀಗಾಗಿ ಪ್ರತಿಯೊಂದು ಮಾದರಿಯ ತುಣುಕುಗಳಿಗೂ ಬೇರೆ ಬೇರೆ ಬಾರ್‌ಕೋಡ್ (ಗುರುತಿಗಾಗಿ ಸೇರಿಸುವ ಚಿಕ್ಕ ಡಿಎನ್‌ಎ ತುಣುಕು) ಅಂಟಿಸಿ, ಹತ್ತಾರು ಪ್ರಯೋಗಾಲಯಗಳ ಮಾದರಿಗಳನ್ನು ಒಂದೇ ಪಟ್ಟಿಯಲ್ಲಿ ಓದಿಸಿ, ಬಳಿಕ ಕಂಪ್ಯೂಟರಿನಲ್ಲಿ ಬೇರ್ಪಡಿಸುತ್ತಾರೆ. ಸೀಟು ತುಂಬದೆ ಟಂಟಂ ಹೊರಡದಂತೆ, ಒಂದು ಕಾಲೇಜಿನ ಐದಾರು ಮಾದರಿಗಳಿಗಾಗಿ ಆ ಯಂತ್ರವನ್ನು ಓಡಿಸುವುದು ಯಾರಿಗೂ ಕಟ್ಟುವುದಿಲ್ಲ. ಆದ್ದರಿಂದ ಅಂಥ ಯಂತ್ರವೇ ನಮ್ಮೂರಿಗೆ ಬರಬೇಕು ಎಂದು ನಾನು ಕೇಳುತ್ತಿಲ್ಲ.

ನಮಗೆ ಬೇಕಾದುದು ಯಂತ್ರಕ್ಕಿಂತ ಹಿಂದಿನ ಹಂತ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯನ್ನು ವಾಡಿಕೆಯಂತೆ ಫಾರ್ಮಾಲಿನ್‌ನಲ್ಲಿ ಹಾಕಿ ಪೆಥಾಲಜಿ ವಿಭಾಗಕ್ಕೆ ಕಳುಹಿಸುತ್ತಾರೆ. ರೋಗ ಪತ್ತೆಗೆ ಅದು ಸರಿಯಾದ ಕ್ರಮವೇ. ಆದರೆ ಫಾರ್ಮಾಲಿನ್ ಡಿಎನ್‌ಎಯನ್ನು ತುಂಡರಿಸುತ್ತದೆ, ಆರ್‌ಎನ್‌ಎಯನ್ನಂತೂ ಮತ್ತಷ್ಟು ಕೆಡಿಸುತ್ತದೆ. ಜೀನೋಮ್ ಅಧ್ಯಯನಕ್ಕೆ ಬೇಕಾದ ಸಣ್ಣ ತುಣುಕನ್ನು, ರೋಗಿಯಿಂದ ಅವರ ಭಾಷೆಯಲ್ಲೇ ಬರೆದ ಒಪ್ಪಿಗೆ ಪತ್ರ ಪಡೆದ ನಂತರ, ಗೆಡ್ಡೆ ಹೊರಬಂದ ಕೆಲವೇ ನಿಮಿಷಗಳಲ್ಲಿ ದ್ರವ ಸಾರಜನಕಕ್ಕೋ ಸಂರಕ್ಷಕ ದ್ರಾವಣಕ್ಕೋ ಹಾಕಿ, ಮುಂದೆ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಡಬೇಕು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಆ ಕೆಲಸಕ್ಕೆಂದೇ ಒಬ್ಬರು ನಿಂತಿರಬೇಕು. ಶಸ್ತ್ರಚಿಕಿತ್ಸೆ ಮುಗಿಸಿ ದಣಿದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಯ ಮೇಲೆ ಇದನ್ನೂ ಹೊರಿಸುವುದು ನ್ಯಾಯವಲ್ಲ.

ನನ್ನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಹುಬ್ಬಳ್ಳಿಯ ಆಸ್ಪತ್ರೆಯೊಂದರಿಂದ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುತ್ತಿದ್ದಳು. ಅಲ್ಲಿಂದ ಮಾದರಿಗಳು ಡ್ರೈ ಐಸ್‌ನಲ್ಲಿ ಹೊರರಾಜ್ಯಕ್ಕೆ ಹೋಗಬೇಕಿತ್ತು. ಡ್ರೈ ಐಸ್ ಮೈನಸ್ 78 ಡಿಗ್ರಿಯಲ್ಲಿ ನೇರವಾಗಿ ಆವಿಯಾಗುವ ವಸ್ತು, ದಾರಿಯಲ್ಲಿ ಯಾರೂ ತುಂಬದಿದ್ದರೆ ಪೆಟ್ಟಿಗೆ ಬರಿದಾಗುತ್ತದೆ. ಆಗಿದ್ದೂ ಅದೇ. ಆರ್‌ಎನ್‌ಎ ಗುಣಮಟ್ಟವನ್ನು 10ಕ್ಕೆ ಅಳೆಯುತ್ತಾರೆ, ಸಾಮಾನ್ಯವಾಗಿ 7 ದಾಟಬೇಕು. ಅವಳ ಮಾದರಿಗಳಲ್ಲಿ ಹೆಚ್ಚಿನವು ದಾಟಲಿಲ್ಲ. ಆ ರೋಗಿಗಳ ಗೆಡ್ಡೆಯನ್ನು ಎರಡನೆಯ ಬಾರಿ ಪಡೆಯಲು ಸಾಧ್ಯವಿಲ್ಲ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರಿಗೆ ನಾವು ಕೊಟ್ಟ ಮಾತು ಉಳಿಯಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಅಂಗಾಂಶ ಸಂಗ್ರಹ, ಡಿಎನ್‌ಎ ಮತ್ತು ಆರ್‌ಎನ್‌ಎ ಬೇರ್ಪಡಿಸುವಿಕೆ, ಗುಣಮಟ್ಟ ಪರೀಕ್ಷೆ, ಬಾರ್‌ಕೋಡ್ ಸಮೇತ ಲೈಬ್ರರಿ (ಯಂತ್ರ ಓದಲು ಸಿದ್ಧಪಡಿಸಿದ ಡಿಎನ್‌ಎ ತುಣುಕುಗಳ ಸಂಗ್ರಹ) ತಯಾರಿಕೆ, ಇಷ್ಟನ್ನೂ ಮಾಡುವ ಒಂದು ಕೇಂದ್ರ ಅವಳಿ ನಗರದಲ್ಲಿ ಇರಲಿ. ಹೀಗೆ ಸಿದ್ಧಪಡಿಸಿದ ಡಿಎನ್‌ಎ ಲೈಬ್ರರಿ ಹಸಿ ಅಂಗಾಂಶದಷ್ಟು ಬೇಗ ಕೆಡುವುದಿಲ್ಲ, ಐಸ್ ಪ್ಯಾಕ್ ಇಟ್ಟು ಕಲ್ಯಾಣಿಗೋ ಹೊರಗಿನವರಿಗೂ ಅನುಕ್ರಮ ಓದಿಕೊಡುವ ಬೆಂಗಳೂರಿನ ಸಿ-ಕ್ಯಾಂಪ್ ಸಂಸ್ಥೆಗೋ ಕಳುಹಿಸಬಹುದು. ಈ ಕೆಲಸ ಹಂಚಿಕೆ ಹೊಸದೂ ಅಲ್ಲ: ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳು ಪಾಲ್ಗೊಂಡವು, ಅನುಕ್ರಮ ಓದಿದ್ದು ಕೆಲವೇ ಕೇಂದ್ರಗಳು. 1957ರಿಂದ ಇರುವ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು, ನವನಗರದ ಕ್ಯಾನ್ಸರ್ ಆಸ್ಪತ್ರೆ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐಐಟಿ, ಎಲ್ಲವೂ ಒಂದು ಗಂಟೆಯ ದಾರಿಯೊಳಗಿವೆ. ಇಷ್ಟು ಹತ್ತಿರ ಇಷ್ಟೆಲ್ಲ ಇದ್ದೂ ಪ್ರತಿಯೊಬ್ಬರೂ ತಮ್ಮದೇ ಫ್ರೀಜರಿಗೆ ಅರ್ಜಿ ಹಾಕುವುದು ಸಾರ್ವಜನಿಕ ಹಣದ ಪೋಲು.

ದುಡ್ಡು ಕೊಟ್ಟರೆ ಖಾಸಗಿ ಕಂಪನಿಗಳು ಎಲ್ಲವನ್ನೂ ಮಾಡಿಕೊಡುತ್ತವಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮಾಡಿಕೊಡುತ್ತವೆ, ಅವಸರಕ್ಕೆ ನಾನೂ ಆ ದಾರಿ ಹಿಡಿದಿದ್ದೇನೆ. ಆದರೆ ಮಾದರಿ ವಿಫಲವಾದಾಗ ಒಂದು ಸಾಲಿನ ವರದಿ ಬರುತ್ತದೆ, ಯಾವ ಹಂತದಲ್ಲಿ ಕೆಟ್ಟಿತು ಎಂದು ವಿದ್ಯಾರ್ಥಿಯ ಪಕ್ಕ ಕುಳಿತು ತೋರಿಸುವವರು ಇರುವುದಿಲ್ಲ. ನಾಲ್ಕು ವರ್ಷ ಪಿಎಚ್‌ಡಿ ಮಾಡಿಯೂ ಲೈಬ್ರರಿ ತಯಾರಿಸಲು ಬಾರದ ಮಕ್ಕಳನ್ನು ನಾವು ಹೊರಗೆ ಕಳುಹಿಸುತ್ತಿದ್ದೇವೆ.

ಕೇಂದ್ರ ಕಟ್ಟುವುದಕ್ಕಿಂತ ಕಠಿಣವಾದುದು ಅದನ್ನು ನಡೆಸುವವರ ಪ್ರಶ್ನೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರೂ ಬಳಸಬಹುದಾದ ಸೈಫ್ ಉಪಕರಣ ಕೇಂದ್ರವಿದೆ. ದೇಶದ ಉಪಕರಣಗಳನ್ನು ಹುಡುಕಿ ಕಾಯ್ದಿರಿಸಲು 2020ರಲ್ಲಿ ಐ-ಸ್ಟೆಮ್ ಪೋರ್ಟಲ್ಲೂ ಬಂದಿದೆ. ಆದರೆ ಯಂತ್ರಕ್ಕೆ ಅನುದಾನ ಸಿಕ್ಕಷ್ಟು ಸುಲಭವಾಗಿ ಆಪರೇಟರ್ ಹುದ್ದೆಗೆ ಸಿಗುವುದಿಲ್ಲ. ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಬಂದವರು ಕೆಲಸ ಕೈಗೆ ಹತ್ತುವಷ್ಟರಲ್ಲಿ ಬೇರೆಡೆ ಹೊರಡುತ್ತಾರೆ. ಅವರ ಹಿಂದೆಯೇ ಯಂತ್ರದ ವಾರ್ಷಿಕ ನಿರ್ವಹಣಾ ಒಪ್ಪಂದವೂ ಮುಗಿದುಹೋಗುತ್ತದೆ. ಮೊದಲು ನಾಲ್ಕು ಕಾಯಂ ತಾಂತ್ರಿಕ ಅಧಿಕಾರಿಗಳ ಹುದ್ದೆಗಳನ್ನು ಮಂಜೂರು ಮಾಡಲಿ, ಅವರನ್ನು ಕೆಲವು ತಿಂಗಳು ಕಲ್ಯಾಣಿಗೆ ತರಬೇತಿಗೆ ಕಳುಹಿಸಲಿ, ಅವರು ಹಿಂದಿರುಗಿ ಬರೆದುಕೊಟ್ಟ ಪಟ್ಟಿಯಂತೆಯೇ ಉಪಕರಣ ಖರೀದಿಯ ಟೆಂಡರ್ ಕರೆಯಲಿ.