ಸಭೆಗೆ ಕಳೆ ಬಂತು

"ಅಧ್ಯಕ್ಷರು ಬಂದ ಮೇಲೆ ಸಭೆಗೆ ಒಂದು ಕಳೆ ಬಂತು" ಎಂದು ನಿರೂಪಕರು ಮೈಕಿನಲ್ಲಿ ಹೇಳಿದರು. ಮೈದಾನಕ್ಕೆ ಅದು ಜೂನ್‌ನಲ್ಲೇ ಬಂದಿತ್ತು. ಶಾಮಿಯಾನದ ಮೂರೂ ಕಡೆ ಸೊಂಟದೆತ್ತರದ ಪಾರ್ಥೇನಿಯಂ, ತಲೆತುಂಬ ಬಿಳಿ ಹೂವು. ಬ್ಯಾನರಿನ ಕಂಬ ನೆಡಲು ಜಾಗ ಬೇಕಲ್ಲ, ಅದಕ್ಕೆ ಹಿಂದಿನ ದಿನ ನಾಲ್ಕು ಗಿಡ ಕಿತ್ತಿದ್ದರು. ಇಡೀ ಕಾರ್ಯಕ್ರಮದಲ್ಲಿ ಆದ ಕಳೆ ನಿರ್ಮೂಲನೆ ಅಂದರೆ ಅಷ್ಟೇ.

ಪಾರ್ಥೇನಿಯಂ ಜಾಗೃತಿ ಸಪ್ತಾಹ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ನಡೆಯುತ್ತದೆ. ಕಳೆಗಳ ಅಧ್ಯಯನಕ್ಕೆಂದೇ ಜಬಲ್‌ಪುರದಲ್ಲಿ ರಾಷ್ಟ್ರ ಮಟ್ಟದ ಸಂಶೋಧನಾ ಸಂಸ್ಥೆ ಇದೆ, ಅಲ್ಲಿಂದ ಹೊರಟ ಕಾರ್ಯಕ್ರಮ ಇದು. ಅವರ ಸಲಹೆ ಸರಿಯಾಗಿಯೇ ಇದೆ: ಹೂ ಬಿಡುವ ಮುಂಚೆ ಬೇರು ಸಮೇತ ಕೀಳಿ. ಆದರೆ ಗಿಡಕ್ಕೆ ಸುತ್ತೋಲೆ ತಲುಪಿರಬೇಕಲ್ಲ! ಅದು ಮುಂಗಾರಿನ ಮೊದಲ ಹದ ಮಳೆಗೆ ಹುಟ್ಟಿ, ಒಂದು ಒಂದೂವರೆ ತಿಂಗಳಲ್ಲಿ ಹೂ ಬಿಟ್ಟು, ಸಪ್ತಾಹದ ಹೊತ್ತಿಗೆ ಬೀಜ ಕಟ್ಟಿಕೊಂಡು ಗಣ್ಯರ ದಾರಿ ಕಾಯುತ್ತಿರುತ್ತದೆ.

ಗಣ್ಯರು ಬಂದರು. ಗ್ಲೌಸ್ ಹಾಕಿಕೊಂಡರು. ಒಂದೊಂದು ಗಿಡ ಹಿಡಿದು ಕ್ಯಾಮೆರಾ ಕಡೆ ತಿರುಗಿದರು. "ಸಾರ್, ಇನ್ನೊಂದ್ಸಲ" ಎಂದ ಫೋಟೋಗ್ರಾಫರ್. ಕಿತ್ತ ಗಿಡವನ್ನೇ ಮತ್ತೆ ಮಣ್ಣಿಗೆ ಊರಿ ಇನ್ನೊಮ್ಮೆ ಕಿತ್ತರು. ಆಮೇಲೆ ಬೇರಿನ ಮಣ್ಣು ಉದುರಲಿ ಎಂದು ಚೆನ್ನಾಗಿ ಕೊಡವಿ ರಸ್ತೆ ಬದಿಗೆ ಎಸೆದರು. ಚೆನ್ನಾಗಿ ಬೆಳೆದ ಒಂದೇ ಗಿಡದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಬೀಜ ಇರುತ್ತದೆ. ಬಿತ್ತನೆ ಕಾರ್ಯ ಹೀಗೆ ಯಶಸ್ವಿಯಾಗಿ ಮುಗಿದ ಮೇಲೆ ಎಲ್ಲರಿಗೂ ಹಾರ, ಶಾಲು.

ಈ ಗಿಡದ ವಿರುದ್ಧ ಕಾನೂನಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಕರ್ನಾಟಕದಲ್ಲಿ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆ ಇದೆ, 1968ರದ್ದು. ಅದರಡಿ 1975ರಲ್ಲೇ ಪಾರ್ಥೇನಿಯಂ ಅಪಾಯಕಾರಿ ಕಳೆ ಎಂದು ಘೋಷಣೆಯಾಯಿತು. ಪುಣೆಯಲ್ಲಿ ಅದು ಕಣ್ಣಿಗೆ ಬಿದ್ದು ಆಗ ಇಪ್ಪತ್ತು ವರ್ಷ ಆಗಿತ್ತು. ಅಮೆರಿಕದ ಗೋಧಿ ಜೊತೆ ಬಂತು ಎನ್ನುವುದು ಜನರ ಮಾತು. ಅಲ್ಲ, ಅದಕ್ಕೂ ಸುಮಾರು ನೂರನಲವತ್ತು ವರ್ಷ ಮೊದಲೇ ಇತ್ತು ಎನ್ನುವುದು ಹಳೆಯ ಸಸ್ಯ ದಾಖಲೆ ನೋಡಿದವರ ಮಾತು. ಹೇಗೆ ಬಂದರೂ ಸರಿ, 1975ರಿಂದ ಅದು ಈ ರಾಜ್ಯದಲ್ಲಿ ಅಕ್ರಮವಾಗಿ ವಾಸ ಮಾಡುತ್ತಿದೆ. ಐವತ್ತು ವರ್ಷದ ಅನುಭೋಗ! ನಮ್ಮಲ್ಲಿ ಇಷ್ಟು ದಿನ ಬಗರ್‌ಹುಕುಂ ಇದ್ದವರು ಫಾರಂ ತುಂಬಿದರೆ ಸಕ್ರಮಕ್ಕೆ ಅರ್ಹರು. ಪಾಪ, ಗಿಡಕ್ಕೆ ಸಹಿ ಮಾಡಲು ಬರುವುದಿಲ್ಲ.

ಇಂಥ ಕಾನೂನುಗಳ ಧಾಟಿ ಒಂದೇ. ಜಾಗ ಯಾರ ವಶದಲ್ಲಿದೆಯೋ ಕಳೆ ಕೀಳುವ ಹೊಣೆ ಅವರದು. ಸರಿ, ಈಗ ಪಾರ್ಥೇನಿಯಂ ಎಲ್ಲೆಲ್ಲಿದೆ ನೋಡಿ. ರಸ್ತೆ ಬದಿ, ಕಾಲುವೆ ಏರಿ, ರೈಲು ಹಳಿಯ ಪಕ್ಕ, ಹರಾಜಾಗದ ಸೈಟು, ಸರ್ಕಾರಿ ಕಚೇರಿಯ ಹಿತ್ತಲು. ಅಂದರೆ ಸರ್ಕಾರ ತನಗೆ ತಾನೇ ನೋಟಿಸ್ ಬರೆದುಕೊಂಡು, ತಾನೇ ಸಹಿ ಹಾಕಿ ಪಡೆದುಕೊಂಡು, ತಾನೇ ಉತ್ತರ ಕೊಡದೆ ಕೂರಬೇಕು. ಮೂರನೆಯದು ಮಾತ್ರ ಈಗಾಗಲೇ ನಡೆಯುತ್ತಿದೆ.

ನಾವೇ ಮೊದಲಿಗರು ಎಂದು ಹೆಮ್ಮೆ ಪಡುವ ಹಾಗೂ ಇಲ್ಲ. ಬಂಗಾಳದಲ್ಲಿ ಕೆರೆ ಹೊಳೆ ತುಂಬಿದ ಅಂತರಗಂಗೆಯ ಮೇಲೆ 1936ರಲ್ಲೇ ಕಾಯ್ದೆ ಬಂತು. ಮರುವರ್ಷದ ಚುನಾವಣೆಯಲ್ಲಿ ಪಕ್ಷಗಳು ಪೈಪೋಟಿಯ ಮೇಲೆ ಅಂತರಗಂಗೆ ನಿರ್ಮೂಲನೆಯ ಭರವಸೆ ಕೊಟ್ಟವು. ಅಂತರಗಂಗೆ ಈಗಲೂ ತೇಲುತ್ತಿದೆ. ಭರವಸೆಯೂ.

ಈ ಕಥೆಯಲ್ಲಿ ನಿಯತ್ತಾಗಿ ಕೆಲಸ ಮಾಡಿದ್ದು ಒಂದು ದುಂಬಿ ಮಾತ್ರ. ಅದನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಯನ್ನು ಕಡ್ಡಿ ಉಳಿಯುವ ಹಾಗೆ ಮೇಯುತ್ತದೆ, ಒಣ ಕಾಲದಲ್ಲಿ ಮಣ್ಣೊಳಗೆ ಹೋಗಿ ಮಲಗುತ್ತದೆ. ಟಿಎ ಇಲ್ಲ, ಡಿಎ ಇಲ್ಲ. ಇಷ್ಟು ಚೆನ್ನಾಗಿ ಕೆಲಸ ಮಾಡುವವರನ್ನು ಸುಮ್ನೆ ಬಿಡುತ್ತೇವಾ? ಅದು ಸೂರ್ಯಕಾಂತಿ ಎಲೆಯ ಮೇಲೂ ಕಂಡಿತೆಂದು ದೂರು ಹೋಯಿತು. ಸತ್ಯಶೋಧನೆಗೆ ಸಮಿತಿ ಕೂತಿತು. ಕಳೆಯ ಮೇಲೆ ಕೂರದ ವಿಚಾರಣೆ ಕಳೆ ತಿಂದವನ ಮೇಲೆ ಕೂತಿತು.

ಇನ್ನು ಕಾನೂನಿಗೆ ಕಣ್ಣು ಎಷ್ಟು ಚುರುಕು ಎಂದು ತಿಳಿಯಬೇಕಾದರೆ ಬೀಜದ ಭತ್ತ ಬೆಳೆಯುವ ರೈತರನ್ನು ಕೇಳಬೇಕು. ನನಗೆ ಪರಿಚಯದ ಗೌಡರೊಬ್ಬರಿದ್ದಾರೆ. ಬಿತ್ತನೆ ಬೀಜಕ್ಕೆ ಭತ್ತ ಹಾಕುತ್ತಾರೆ. ಅವರ ವೈರಿ ಕಾಡುಭತ್ತ. ಸಸಿಯಲ್ಲಿ ನೋಡಿದರೆ ಸಾಕ್ಷಾತ್ ಭತ್ತವೇ, ಗುರುತು ಸಿಗುವುದಿಲ್ಲ. ತೆನೆ ಬಂದಾಗ ಕಾಳಿನ ತುದಿಯಲ್ಲಿ ಉದ್ದನೆ ಮೀಸೆ ಕಾಣುತ್ತದೆ. ಕಂಡ ದಿನವೇ ಕೀಳದಿದ್ದರೆ ಮುಗಿಯಿತು. ಕುಯ್ಲಿಗೆ ಮುಂಚೆಯೇ ಕಾಳು ಉದುರಿಸಿ ಮುಂದಿನ ವರ್ಷಕ್ಕೂ ಗದ್ದೆಯಲ್ಲಿ ಸೀಟು ಹಿಡಿದಿರುತ್ತದೆ. ಗೌಡರು ದಿನಗಟ್ಟಲೆ ಬಗ್ಗಿ ಬೆರಕೆ ಕೀಳುತ್ತಾರೆ.

ನಿಯಮ ಹೀಗಿದೆ. ಪ್ರಮಾಣಿತ ಬೀಜದ ಗದ್ದೆಯಲ್ಲಿ ಕಾಡುಭತ್ತ ಶೇ. 0.02 ಮೀರಬಾರದು. ಹತ್ತು ಸಾವಿರ ಗಿಡಕ್ಕೆ ಎರಡು! ಕುಯ್ದ ಮೇಲೆ ಪ್ರಯೋಗಾಲಯದಲ್ಲಿ ಮತ್ತೆ ಎಣಿಸುತ್ತಾರೆ. ಒಂದು ಕಿಲೋದಲ್ಲಿ ಕಾಡುಭತ್ತದ ಕಾಳು ಐದು ಇರಬಹುದು. ಆರನೆಯದು ಸಿಕ್ಕರೆ ಚೀಲಕ್ಕೆ ಪ್ರಮಾಣೀಕರಣದ ನೀಲಿ ಚೀಟಿ ಇಲ್ಲ. ಬಿತ್ತುವವನ ದೃಷ್ಟಿಯಿಂದ ಇದು ಒಳ್ಳೆಯ ನಿಯಮವೇ, ನನ್ನದೇನೂ ತಕರಾರಿಲ್ಲ. ಆದರೆ ಪ್ರಮಾಣೀಕರಣ ಕಡ್ಡಾಯವಲ್ಲ. ಈ ಗೋಜೇ ಬೇಡ ಎನ್ನುವವರು ಬೀಜದ ಕನಿಷ್ಠ ಗುಣಮಟ್ಟ ಬರೆದು ಲೇಬಲ್ ಅಂಟಿಸಿ ಮಾರಬಹುದು. ಲೇಬಲ್ ಸುಳ್ಳಾದರೆ? 1966ರ ಬೀಜ ಕಾಯ್ದೆ ಮೊದಲ ತಪ್ಪಿಗೆ ಬರೆದಿಟ್ಟ ದಂಡ 500 ರೂಪಾಯಿವರೆಗೆ. ಬೆರಕೆ ಕೀಳಲು ಬರುವ ಇಬ್ಬರು ಆಳುಗಳ ಒಂದು ದಿನದ ಕೂಲಿಗೂ ಅದು ಸಾಲುವುದಿಲ್ಲ. ಗೌಡರು ಈ ಲೆಕ್ಕ ಹಾಕುವುದಿಲ್ಲ. ಹಾಕಿದರೆ ಸೊಂಟ ನೋವು ಜಾಸ್ತಿಯಾಗುತ್ತದಂತೆ.

ಹೋದ ಸಲ ಬೀಜ ಪ್ರಮಾಣೀಕರಣದ ಅಧಿಕಾರಿ ಗೌಡರ ಗದ್ದೆಯ ತಪಾಸಣೆಗೆ ಬಂದಾಗ ನಾನೂ ಅಲ್ಲಿದ್ದೆ. ಕಾಲುವೆ ಏರಿಯೇ ದಾರಿ. ಏರಿ ಉದ್ದಕ್ಕೂ ಪಾರ್ಥೇನಿಯಂ. ಬಂದವರು ಕೈಯಲ್ಲಿ ಸರಿಸಿಕೊಂಡು, ಸೀನುತ್ತಾ, ಗದ್ದೆಗೆ ಇಳಿದರು. ಬಹಳ ಶ್ರದ್ಧೆಯ ಮನುಷ್ಯ. ತೆನೆ ತೆನೆ ಮುಟ್ಟಿ ನೋಡಿದರು. ಬೂಟಿನ ಕೆಸರಿಗೆ, ಪ್ಯಾಂಟಿನ ಮಡಿಕೆಗೆ ಏರಿಯ ಬೀಜ ಅಂಟಿಕೊಂಡು ಅವೂ ತಪಾಸಣೆಗೆ ಇಳಿದಿದ್ದವು.

ಗೌಡರು ಏರಿ ಕಡೆ ಕೈ ತೋರಿಸಿ ಕೇಳಿದರು: "ಸಾರ್, ಅದೆಲ್ಲ ಲೆಕ್ಕಕ್ಕೆ ಬರಲ್ವಾ?"

"ಭತ್ತಕ್ಕೆ ನಮ್ಮ ಪಟ್ಟಿಯಲ್ಲಿರೋದು ಕಾಡುಭತ್ತ ಒಂದೇ, ಗೌಡ್ರೇ. ಅದು ಬೇರೆ ಕಾಯ್ದೆ."

ಬೇರೆ ಕಾಯ್ದೆ! ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಆ ಬೇರೆ ಕಾಯ್ದೆಯ ಪ್ರಕಾರ ನಾನೂ ಒಬ್ಬ ಅಪರಾಧಿ. ನನ್ನದೊಂದು ಖಾಲಿ ಸೈಟಿದೆ. ಅದರಲ್ಲಿ ಏನು ಬೆಳೆದಿದೆ ಎಂದು ಹೇಳಬೇಕಿಲ್ಲ ಅಲ್ವಾ? ಹತ್ತು ವರ್ಷದಿಂದ ನೋಟಿಸ್ ಬರುತ್ತದೆ ಎಂದು ಕಾದೆ, ಬರಲಿಲ್ಲ. ಕೊನೆಗೆ ನಾನೇ ಒಂದು ಕಚೇರಿಗೆ ಹೋಗಿ ಶರಣಾದೆ.

"ನನ್ನ ಸೈಟಲ್ಲಿ ಪಾರ್ಥೇನಿಯಂ ಇದೆ ಸಾರ್, ಕ್ರಮ ತಗೊಳ್ಳಿ."

ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸೈಟು ಅಂದ್ರೆ ಊರೊಳಗೆ ಬರುತ್ತಾ? ಹಾಗಾದ್ರೆ ನಮ್ಮದಲ್ಲ. ಊರಾಚೆ ಇದ್ರೆ ಅರ್ಜಿ ಕೊಡಿ, ಖಾತೆ ನಕಲು ಲಗತ್ತಿಸಿ."

"ಕೇಸ್ ಹಾಕಿಸಿಕೊಳ್ಳೋಕೂ ಅರ್ಜಿನಾ?"

"ಮತ್ತೆ? ಬಾಯಿ ಮಾತಲ್ಲಿ ಹಾಕೋಕಾಗುತ್ತಾ?"

ಒಳಗೆ ಸೆಕೆ. ಫ್ಯಾನ್ ತಿರುಗುತ್ತಿರಲಿಲ್ಲ. ಕಿಟಕಿಯಾದರೂ ತೆಗೆಯೋಣವೆಂದು ಎದ್ದೆ. ಅವರು ಗಾಬರಿಯಿಂದ ಕೈ ಅಡ್ಡ ಹಿಡಿದು, ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡರು.

"ಬೇಡ ಬೇಡ, ತೆಗೀಬೇಡಿ. ಹಿತ್ತಲಲ್ಲಿ ಹೂ ಬಿಟ್ಟಿದೆ. ನನಗೆ ಅಲರ್ಜಿ."